ಎರಡೆಳೆ ರಂಗೋಲಿ

ನಲ್ಲಂಪಳ್ಳಿ
12 ಜೂನ್ 2022

ಪ್ರೀತಿಯ ಸುಪ್ರಜಾ ಅವರಿಗೆ,

ಪೆಟ್ಟಿಗೆಯಲ್ಲಿ ಅರವತ್ತು ಶೀಶೆಗಳಿವೆ. ಪಟ್ಟಿ ಇಂಗ್ಲಿಷಿನಲ್ಲಿದೆ, ಕಾಗದ ಕನ್ನಡದಲ್ಲಿದೆ. ಫೋನಿನಲ್ಲಾದರೆ ನನ್ನ ಬಾಯಿಗೆ ತಮಿಳೇ ಬರುತ್ತದೆಂದು ನಿಮಗೆ ಗೊತ್ತು. ಪೆಟ್ಟಿಗೆ ಕಳಿಸುವಾಗಲೆಲ್ಲ ನಿಮಗೆ ಕನ್ನಡದಲ್ಲಿ ಒಂದು ಕಾಗದ ಬರೆದಿಡಬೇಕೆಂದು ನಿಮ್ಮ ತಾಯಿ ಗೋದಾಬಾಯಿ ಅಮ್ಮನ ಅಪ್ಪಣೆಯಾಗಿದೆ. ಎಂ.ಎಸ್‌ಸಿ. ಓದುವಾಗ ನಿಮ್ಮ ಮನೆಯ ಜಗಲಿಯ ಮೇಲೆ ಕೂರಿಸಿ ಎರಡು ವರ್ಷ ಅಕ್ಷರ ತಿದ್ದಿಸಿದವರಲ್ಲವೇ? "ಮನೇಲಿ ಕನ್ನಡ ಮಾತಾಡ್ತೀಯ, ನಿನ್ನ ಹೆಸರು ಬರೆಯೋಕೆ ಬರಲ್ಲ ಅಂದ್ರೆ ನಾಚಿಕೆಗೇಡು ಕಣೋ" ಎಂದು ಅಂದು ಬೈದವರು ಈಗಲೂ ನನ್ನ ಒತ್ತಕ್ಷರ ತಿದ್ದುತ್ತಾರೆ.

ನಿಮ್ಮ ಹಳೆಯ ಓದುವ ಕೋಣೆಯನ್ನು ಬಿಟ್ಟುಕೊಡದಿದ್ದರೆ ರಾಮೇಶ್ವರದ ಈ ಹವಳವನ್ನು ಎಲ್ಲಿ ಅರೆಯುತ್ತಿದ್ದೆನೋ ಗೊತ್ತಿಲ್ಲ. ನಮ್ಮ ಕಾಲೇಜಿನ ಲ್ಯಾಬ್ ಹೆದ್ದಾರಿಗೆ ಅಂಟಿಕೊಂಡಿದೆ, ಒಂದು ಲಾರಿ ಹೋದರೆ ಮೇಜಿನ ಮೇಲೆ ಹೆಸರು ಬರೆಯುವಷ್ಟು ಧೂಳು. ಶನಿವಾರ ಬೆಳಿಗ್ಗೆ ತೊಪ್ಪೂರು ಘಾಟಿ ಇಳಿದು ಸೇಲಂಗೆ ಬರುತ್ತೇನೆ, ಸಂಜೆ ಲಾಡ್ಜಿಗೆ ಹೋಗುತ್ತೇನೆ, ಭಾನುವಾರ ಮತ್ತೆ ಕೋಣೆಗೆ. ಹಿತ್ತಿಲ ಬಾಗಿಲಿನಿಂದಲೇ ಒಳಗೆ ಬರುವುದರಿಂದ ನಡುಮನೆ ದಾಟಬೇಕಾಗಿಲ್ಲ. ಹನ್ನೊಂದು ಗಂಟೆಗೆ ಕಾಫಿ ಬರುತ್ತದೆ. ನನಗೆಂದೇ ಅಮ್ಮ ಒಂದು ಲೋಟ ಇಟ್ಟಿದ್ದಾರೆ, ಕಿಟಕಿಯ ಕಟ್ಟೆಯ ಮೇಲೆ ಅದರ ಜಾಗ.

ಮುಂದಿನ ವರ್ಷದೊಳಗೆ ಪಿಎಚ್.ಡಿ. ಮುಗಿಸದವರನ್ನು ಇಟ್ಟುಕೊಳ್ಳುವುದಿಲ್ಲ ಎಂದು ಕಾಲೇಜಿನವರು ಬರೆದೇ ಕೊಟ್ಟಿದ್ದಾರೆ. ನನ್ನ ಮೇಷ್ಟ್ರಗಿರಿ ಈಗ ನಿಮ್ಮ ಯಂತ್ರದ ಬಾಯಲ್ಲಿದೆ. ನಿಧಾನವಾಗಿ ಅಗಿಯಲು ಹೇಳಿ.

ನಿಮ್ಮ
ಪ್ರಭಾಕರ್


ಕೊಚ್ಚಿ
24 ಜೂನ್ 2022

ಪ್ರಿಯ ಪ್ರಭಾಕರ,

ನಿನ್ನ ಅಕ್ಷರ ನೋಡಿ ಅಮ್ಮನೇ ಬರೆದರೇನೋ ಎಂದು ಬೆಚ್ಚಿದೆ. ಕೊಂಬು ಎಳೆಯುವುದೂ ಅದೇ ರೀತಿ, ಉಪದೇಶ ಮಾಡುವುದೂ ಅದೇ ರೀತಿ. ಕಾಗದದ ತುದಿಯಲ್ಲಿ "ಶ್ರೀ" ಮಾತ್ರ ಬರೆದಿಲ್ಲ, ಅಮ್ಮ ಅದನ್ನು ಹೇಗೆ ಬಿಟ್ಟರೋ.

ಅರವತ್ತೂ ಶೀಶೆ ಓಡಿಸಿದೆ. ಚೊಕ್ಕವಾಗಿವೆ, ಶಹಬ್ಬಾಸ್. ಅಮ್ಮ ಏನು ಮಾಡುತ್ತೀಯ ಎಂದು ಕೇಳಿದರೆ ಹೀಗೆ ಹೇಳು: ಹವಳ ಬೆಳೆಯುವಾಗ ಸಮುದ್ರದ ನೀರು ಬೆಚ್ಚಗಿದ್ದರೆ ಅದರ ಸುಣ್ಣದಲ್ಲಿ ಮೆಗ್ನೀಷಿಯಂ ಒಂದಿಷ್ಟು ಹೆಚ್ಚು, ಸ್ಟ್ರಾನ್ಷಿಯಂ ಒಂದಿಷ್ಟು ಕಡಿಮೆ. ಪುಡಿಯನ್ನು ಆಮ್ಲದಲ್ಲಿ ಕರಗಿಸಿ ಕೊಟ್ಟರೆ ಸುಪ್ರಜಾಳ ಮಾಸ್ ಸ್ಪೆಕ್ಟ್ರೋಮೀಟರ್ ಅದನ್ನು ಸುಟ್ಟು, ಧಾತುಗಳನ್ನು ಅವುಗಳ ಭಾರದ ಪ್ರಕಾರ ಬೇರೆ ಮಾಡಿ ಎಣಿಸುತ್ತದೆ. ಎಣಿಕೆ ನೋಡಿ ಐದು ಸಾವಿರ ವರ್ಷದ ಹಿಂದೆ ಸಮುದ್ರ ಎಷ್ಟು ಬೆಚ್ಚಗಿತ್ತೆಂದು ನಾವು ಹೇಳುತ್ತೇವೆ. ಅಮ್ಮ ನಂಬುವುದಿಲ್ಲ, ಅದು ಬೇರೆ ಮಾತು.

ಯಂತ್ರಕ್ಕೆ ದಾಕ್ಷಿಣ್ಯವಿಲ್ಲ ಕಣೋ. ಸಾವಿರ ಪಾಲಿನಲ್ಲಿ ಅರ್ಧ ಪಾಲು ಕಸ ಸೇರಿದರೂ ಸಮುದ್ರದ ಉಷ್ಣತೆ ನಾಲ್ಕು ಡಿಗ್ರಿ ಏರಿಬಿಡುತ್ತದೆ. ಕೈಗವಸು ಬಿಡಬೇಡ.

ಇನ್ನೊಂದು ಮಾತು, ನಮ್ಮೊಳಗಿರಲಿ. ಮಾದರಿಗಳನ್ನು ಮನೆಯಲ್ಲಿ ಅರೆಯುವುದಕ್ಕೆ ನಮ್ಮ ಪ್ರಯೋಗಾಲಯದ ನಿಯಮದಲ್ಲಿ ಅವಕಾಶವಿಲ್ಲ. ಫಾರಮಿನಲ್ಲಿ "ಸೇಲಂನಲ್ಲಿ ಸಿದ್ಧಪಡಿಸಿದ್ದು" ಎಂದಷ್ಟೇ ಬರೆದಿದ್ದೇನೆ. ಯಾರಾದರೂ ಕೇಳಿದರೆ ನೀನೂ ಅಷ್ಟೇ ಹೇಳು. ಹವಳದ ಉಳಿದ ಅರ್ಧ ತುಂಡು ನನ್ನ ಬೀರುವಿನಲ್ಲಿ ಭದ್ರವಾಗಿದೆ.

ಸುಪ್ರಜಾ


ಸೇಲಂ
21 ಆಗಸ್ಟ್ 2022

ಪ್ರೀತಿಯ ಸುಪ್ರಜಾ ಅವರಿಗೆ,

ನಿಮ್ಮ ಕೋಣೆಯಲ್ಲೇ ಕೂತು ಬರೆಯುತ್ತಿದ್ದೇನೆ. ಮಳೆ ಹಿಡಿದಿದೆ. ತೊಳೆದ ಪುಡಿ ಬೇಸಿಗೆಯಲ್ಲಿ ಒಂದೇ ದಿನಕ್ಕೆ ಒಣಗುತ್ತಿತ್ತು, ಈಗ ವಾರಗಟ್ಟಲೆ ತಟ್ಟೆಗಳಲ್ಲೇ ಕೂತಿರುತ್ತದೆ. ಮೇಲೆ ಸೋಸುವ ಕಾಗದ ಮುಚ್ಚಿ ಹೋಗುತ್ತೇನೆ.

ನಿನ್ನೆ ಸಂಜೆ ಪರ್ಸು ಮರೆತು ಬಸ್ ಸ್ಟ್ಯಾಂಡಿನಿಂದ ಮತ್ತೆ ಮನೆಗೆ ಬಂದೆ, ತೆಗೆದುಕೊಂಡು ಹೋದೆ. ಇವತ್ತು ಬೆಳಿಗ್ಗೆ ಬಂದು ನೋಡಿದರೆ ಮೇಜಿನ ಮೇಲೆ ಒರಳಿನ ಸುತ್ತ ಎರಡೆಳೆ ರಂಗೋಲಿ, ನನ್ನ ಕುರ್ಚಿಯ ಕೆಳಗೂ ಎರಡೆಳೆ. ತಟ್ಟೆಗಳನ್ನು ಎತ್ತಿ ಒರೆಸಿ ಮತ್ತೆ ಜೋಡಿಸಿದ ಹಾಗಿದೆ. ನನ್ನ ಕೆಲಸಕ್ಕೆ ಅಮ್ಮ ಪೂಜೆ ಮಾಡುತ್ತಿದ್ದಾರೆಂದು ಕಾಣುತ್ತದೆ. ಪ್ರತಿ ವಾರವೂ ಹೀಗೇ ನಡೆದಿರಬೇಕು, ನಾನು ಗಮನಿಸಿರಲಿಲ್ಲ.

ಆ ಪುಡಿ ಅಕ್ಕಿ ಹಿಟ್ಟೋ, ಕಲ್ಲಿನದೋ? ಒಂದು ಚಿಟಿಕೆ ತೆಗೆದು ಆಮ್ಲದ ಹನಿ ಬಿಟ್ಟೆ, ನೊರೆ ಬರಲಿಲ್ಲ. ಸುಣ್ಣಕಲ್ಲಲ್ಲ ಎಂದಾಯಿತು. ಆದರೂ ಮನಸ್ಸಿನಲ್ಲಿ ಒಂದು ಕೊರೆತ. ಅಮ್ಮನಿಗೆ ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಮನೆ ನಿಮ್ಮದು, ಯಂತ್ರವೂ ನಿಮ್ಮದು, ಇದರಿಂದ ತೊಂದರೆ ಇದ್ದರೆ ನೀವೇ ಅವರಿಗೆ ಒಂದು ಮಾತು ಹೇಳಿ. ನೀವು ಏನು ಬರೆಯುತ್ತೀರೋ ಹಾಗೆ ಮಾಡುತ್ತೇನೆ.

ನಿಮ್ಮ
ಪ್ರಭಾಕರ್


ಕೊಚ್ಚಿ
2 ಸೆಪ್ಟೆಂಬರ್ 2022

ಪ್ರಿಯ ಪ್ರಭಾಕರ,

ರಂಗೋಲಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಅಕ್ಕಿ ಹಿಟ್ಟು. ಅಮ್ಮನದು ಹಳೆಯ ಅಭ್ಯಾಸ, ಬಿಡಿಸಲು ಹೋದರೆ ನೊಂದುಕೊಳ್ಳುತ್ತಾರೆ. ಒರಳನ್ನು ಆಮ್ಲದಲ್ಲಿ ತೊಳೆದುಕೊಂಡರೆ ಸಾಕು.

ಇಲ್ಲಿ ಓಣಂ ಗದ್ದಲ, ಕ್ಯಾಂಟೀನಿನಲ್ಲಿ ದಿನಾ ಪಾಯಸ. ನಿನ್ನ ಮದುವೆಯ ಮಾತು ಎಲ್ಲಿಗೆ ಬಂತು? ನಿನ್ನ ತಾಯಿ ಮುನಿರತ್ನಮ್ಮನವರು ಹುಡುಗಿ ನೋಡಲು ಪಾಲಕ್ಕೋಡಿಗೆ ಹೋಗಿದ್ದರೆಂದು ಅಮ್ಮ ಹೇಳಿದರು. ಎಲ್ಲ ವಿವರ ಬರೆ.

ಸುಪ್ರಜಾ


ನಲ್ಲಂಪಳ್ಳಿ
15 ಜನವರಿ 2023

ಪ್ರೀತಿಯ ಸುಪ್ರಜಾ ಅವರಿಗೆ,

ನೀವು ಕಳಿಸಿದ ಮೆಗ್ನೀಷಿಯಂ ಅಂಕಿಗಳನ್ನು ನಾಲ್ಕು ಸಲ ನಕ್ಷೆ ಹಾಕಿ ನೋಡಿದೆ. ಐದು ಸಾವಿರ ವರ್ಷದ ಹಿಂದೆ ನಲವತ್ತೇ ವರ್ಷದಲ್ಲಿ ನಮ್ಮ ರಾಮೇಶ್ವರದ ಸಮುದ್ರ ನಾಲ್ಕು ಡಿಗ್ರಿ ಕಾದಿದೆ! ಗೈಡ್ ಶಿವಲಿಂಗಂ ಸಾರ್ ಕುರ್ಚಿಯಿಂದ ಎದ್ದುಬಿಟ್ಟರು. "ತಂಬಿ, ಇದು ಪೆರಿಯ ವಿಷಯಂ, ದೊಡ್ಡ ವಿಷಯ" ಎಂದು ಮೂರು ಸಲ ಹೇಳಿದರು. ಹನ್ನೊಂದು ವರ್ಷದಲ್ಲಿ ಅವರು ನನ್ನ ಬೆನ್ನು ತಟ್ಟಿದ್ದು ಇದೇ ಮೊದಲು.

ಮನೆಯಲ್ಲಿ ಅವ್ವನಿಗೆ ಹೇಳಿದೆ. ಸಂಕ್ರಾಂತಿಯ ಕಬ್ಬು ಸಿಗಿಯುತ್ತಾ ಕೇಳಿಸಿಕೊಂಡಳು. "ಸಮುದ್ರವಾ ಒಂದ್ಸಾರಿ ನೋಡ್ದೋನು ನೀನು, ಅದುಕ್ಕೆ ಜರ ಬಂದಿತ್ತು ಅಂತ ಎಂಗ್ಲಾ ಯೋಳ್ತೀಯ?" ಎಂದಳು. ಕಲ್ಲು ಅರೆದು ನೋಡಿದರೆ ತಿಳಿಯುತ್ತದೆ ಎಂದೆ. "ನಾನೂ ನಲ್ವತ್ತು ವರ್ಸದಿಂದ ಕಲ್ಲಲ್ಲಿ ಅರೀತಾ ಇವ್ನಿ, ನಂಗೆ ಕಾರ ಬಿಟ್ರೆ ಇನ್ನೇನೂ ತಿಳೀನಿಲ್ಲ" ಎಂದು ನಕ್ಕಳು. ಆಮೇಲೆ ಪಕ್ಕದ ಮನೆಗೆ ಹೋಗಿ "ನಮ್ಮ ಪ್ರಭಾಕರ ಡಾಕ್ಟ್ರು ಆಯ್ತಾನೆ, ಊಸಿ ಚುಚ್ಚೋ ಡಾಕ್ಟ್ರಲ್ಲ, ಸಮುದ್ರದ್ದು" ಎಂದು ಹೇಳಿ ಬಂದಿದ್ದಾಳೆ.

ಸ್ಟ್ರಾನ್ಷಿಯಂ ಲೆಕ್ಕ ಇನ್ನೂ ತಿದ್ದಬೇಕು ಎಂದು ಬರೆದಿದ್ದೀರಿ. ಅದಕ್ಕಾಗಿ ಕಾಯುವುದು ಬೇಡ, ಮೆಗ್ನೀಷಿಯಂ ಒಂದೇ ಸಾಕು, ಫೆಬ್ರವರಿಯಲ್ಲೇ ಪ್ರಬಂಧ ಒಪ್ಪಿಸು ಎಂದು ಸಾರ್ ಹೇಳುತ್ತಾರೆ. ನನಗೂ ಕಾಲೇಜಿನ ಗಡುವು ಕುತ್ತಿಗೆಗೆ ಬಂದಿದೆ. ನಿಮ್ಮ ಅಭಿಪ್ರಾಯವೇನು? ಬೇಗ ಬರೆಯಿರಿ.

ನಿಮ್ಮ
ಪ್ರಭಾಕರ್


ಕೊಚ್ಚಿ
3 ಏಪ್ರಿಲ್ 2023

ಪ್ರಿಯ ಪ್ರಭಾಕರ,

ತಡವಾಯಿತು. ಯಂತ್ರ ಕೆಟ್ಟಿತ್ತು, ಆಮೇಲೆ ನನಗೆ ಜ್ವರ.

ಸ್ಟ್ರಾನ್ಷಿಯಂ ಲೆಕ್ಕ ಇದರ ಜೊತೆ ಇದೆ. ನೋಡಿದರೆ ನಿನಗೇ ತಿಳಿಯುತ್ತದೆ. ಸಮುದ್ರ ನಿಜವಾಗಿ ಕಾದಿದ್ದರೆ ಅದು ಇಳಿಯಬೇಕಿತ್ತು. ಇಳಿದಿಲ್ಲ, ಇದ್ದಲ್ಲೇ ಇದೆ. ಬೀರುವಿನಲ್ಲಿದ್ದ ಅರ್ಧ ತುಂಡಿನಿಂದ ಹತ್ತು ಮಾದರಿ ನಾನೇ ಅರೆದು ನೋಡಿದೆ, ಅದರಲ್ಲಿ ಮೆಗ್ನೀಷಿಯಂ ಕೂಡ ಸುಮ್ಮನಿದೆ. ಏರಿರುವುದು ನೀನು ಅರೆದ ಮಳೆಗಾಲದ ಪೆಟ್ಟಿಗೆಗಳಲ್ಲಿ ಮಾತ್ರ.

ಪ್ರಬಂಧ ಒಪ್ಪಿಸುವುದನ್ನು ಸ್ವಲ್ಪ ತಡೆಯಲು ಆಗುತ್ತದೆಯೇ? ಕಾರಣ ಏನೆಂದು ಈಗಲೇ ಹೇಳಲಾರೆ. ಎಲ್ಲಿಂದಲೋ ಏನೋ ಸೇರಿರಬೇಕು.

ಸುಪ್ರಜಾ


ನಲ್ಲಂಪಳ್ಳಿ
18 ಜುಲೈ 2023

ಸುಪ್ರಜಾ ಅವರಿಗೆ,

ತಡೆಯಲು ಆಗುತ್ತದೆಯೇ ಎಂದು ನೀವು ಏಪ್ರಿಲ್‌ನಲ್ಲಿ ಕೇಳಿದಿರಿ. ಪ್ರಬಂಧ ಫೆಬ್ರವರಿಯಲ್ಲೇ ಹೋಗಿತ್ತು. ಊರು ಸೂರೆಯಾದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ಆದರೂ ನಿಮ್ಮ ಕಾಗದವನ್ನು ನಾನು ಬಚ್ಚಿಡಲಿಲ್ಲ, ಸ್ಟ್ರಾನ್ಷಿಯಂ ಹಾಳೆಯನ್ನು ಮರುದಿನವೇ ಶಿವಲಿಂಗಂ ಸಾರ್ ಕೈಗೆ ಕೊಟ್ಟೆ. ಅವರು ಪರೀಕ್ಷಕರಿಗೆ ಬರೆದರು. ಪರೀಕ್ಷಕರು ವಿಶ್ವವಿದ್ಯಾಲಯಕ್ಕೆ ಬರೆದರು. ಈಗ ವಿಚಾರಣಾ ಸಮಿತಿ ಕೂತಿದೆ.

ಸಮಿತಿಯ ಅನುಮಾನ ಇಷ್ಟು: ಔಷಧಿ ಅಂಗಡಿಯಲ್ಲಿ ಸಿಗುವ ಎಪ್ಸಂ ಉಪ್ಪಿನಲ್ಲಿ ಮೆಗ್ನೀಷಿಯಂ ಇದೆ. ದೊಡ್ಡ ಸುದ್ದಿಯಾಗಲೆಂದು ನಾನೇ ಅದನ್ನು ಪುಡಿಗೆ ಬೆರೆಸಿದ್ದೇನೆ. ನಿನ್ನೆ ಮೂರು ಗಂಟೆ ಕೂರಿಸಿದರು. ಎಲ್ಲಿ ಅರೆದೆ ಎಂದು ಕೇಳಿದರು. ಸೇಲಂನಲ್ಲಿ ಒಂದು ಕೋಣೆಯಲ್ಲಿ ಎಂದೆ. ಯಾರ ಕೋಣೆ ಎಂದರು. ನಿಮ್ಮ ಮಾತು ನೆನಪಾಗಿ ಸುಮ್ಮನಾದೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುಮ್ಮನಿದ್ದವನೇ ಕಳ್ಳ ಎಂದು ಅವರಿಗೆ ಆಗಲೇ ಖಾತ್ರಿಯಾಗಿರಬೇಕು.

ಅವ್ವನಿಗೆ ಇನ್ನೂ ಹೇಳಿಲ್ಲ. ದಿನಾ ಕೇಳುತ್ತಾಳೆ, "ಡಾಕ್ಟ್ರು ಪಟ್ಟ ಯಾವಾಗ್ಲಾ ಬತ್ತದೆ?" ಎಂದು.

ನಿಮ್ಮನ್ನೂ ಕೇಳುತ್ತಾರಂತೆ. ನನಗೆ ಹೊಗಳಿಕೆ ಬೇಡ. ಬೇರೆ ದಾರಿಯಿಂದ ಮೆಗ್ನೀಷಿಯಂ ಸೇರಿರುವ ಸಾಧ್ಯತೆ ಉಂಟು, ಆ ಕೋಣೆಯನ್ನು ಬಂದು ನೋಡಿ, ಎಂದು ಒಂದೇ ಒಂದು ವಾಕ್ಯ ಬರೆದುಕೊಡಿ. ಕೋಣೆ ಯಾರದೆಂದು ನಾನು ಹೇಳುವುದಕ್ಕಿಂತ ನೀವು ಹೇಳಿದರೆ ಚೆನ್ನ. ಒಂದು ವರ್ಷದ ಹಿಂದೆ ನಿಮ್ಮನ್ನು ಕೇಳಿದ ಒಂದು ಪ್ರಶ್ನೆಯನ್ನು ನೆನಪಿಸಿಕೊಳ್ಳಿ.

ಪ್ರಭಾಕರ್


ಕೊಚ್ಚಿ
9 ಆಗಸ್ಟ್ 2023

ಶ್ರೀ ಪ್ರಭಾಕರ್ ಅವರಿಗೆ,

ತಮ್ಮ ಪತ್ರ ತಲುಪಿದೆ. ವಿಚಾರಣಾ ಸಮಿತಿಯು ನನ್ನನ್ನು ಕೇಳಿದ ಪ್ರಶ್ನೆ ಯಂತ್ರಕ್ಕೆ ಸಂಬಂಧಿಸಿದ್ದು ಮಾತ್ರ. ಯಂತ್ರದಲ್ಲಿಯೂ ಮಾಪನದಲ್ಲಿಯೂ ಯಾವ ದೋಷವೂ ಇರಲಿಲ್ಲವೆಂದು ಉತ್ತರಿಸಿದ್ದೇನೆ. ಮಾದರಿಗಳನ್ನು ಸಿದ್ಧಪಡಿಸಿದ ಸ್ಥಳ ಹಾಗೂ ವಿಧಾನ ತಮ್ಮ ಜವಾಬ್ದಾರಿಯಾಗಿದ್ದರಿಂದ ಆ ಬಗ್ಗೆ ನಾನು ಏನನ್ನೂ ಹೇಳುವಂತಿಲ್ಲ. ವಿಚಾರಣೆ ಮುಗಿಯುವವರೆಗೆ ಪತ್ರ ವ್ಯವಹಾರ ಬೇಡವೆಂದು ಇಲ್ಲಿ ಸೂಚಿಸಿದ್ದಾರೆ.

ತಮಗೆ ಒಳ್ಳೆಯದಾಗಲಿ.

ಸುಪ್ರಜಾ


ಸೇಲಂ
3 ಸೆಪ್ಟೆಂಬರ್ 2023

ಸುಪ್ರಜಾ ಅವರಿಗೆ,

ನನ್ನನ್ನು ನೀವು ಬಹುವಚನದಲ್ಲಿ ಕರೆದದ್ದು ಇದೇ ಮೊದಲು. ಮರ್ಯಾದೆ ಕಳೆದ ದಿನವೇ ಮರ್ಯಾದೆ ಸಿಕ್ಕಿತು.

ಪ್ರಬಂಧ ತಿರಸ್ಕೃತವಾಗಿದೆ. ಕಾರಣದ ಜಾಗದಲ್ಲಿ "ಮಾದರಿಗಳಲ್ಲಿ ಕೈವಾಡ" ಎಂದು ಬರೆದಿದ್ದಾರೆ. ಕಾಲೇಜಿನವರು ಹೋದ ತಿಂಗಳ ಕೊನೆಗೆ ಕೆಲಸದಿಂದ ಬಿಡುಗಡೆ ಮಾಡಿದರು. ಕೋಣೆಯ ಕೀಲಿಯನ್ನು ಅಮ್ಮನಿಗೆ ಕೊಟ್ಟಿದ್ದೇನೆ. ಏನಾಯಿತೆಂದು ಅವರು ಕೇಳಿದರು, ಕೆಲಸ ಮುಗಿಯಿತು ಎಂದೆ. ಲೋಟವನ್ನು ತೊಳೆದು ಕಿಟಕಿಯ ಕಟ್ಟೆಯ ಮೇಲೇ ಇಟ್ಟು ಬಂದಿದ್ದೇನೆ.

ಪ್ರಭಾಕರ್


ಸೇಲಂ
2 ಡಿಸೆಂಬರ್ 2024

ಪ್ರಭಾಕರ,

ಅಮ್ಮ ಹೋದರು, ನವೆಂಬರ್ ಹದಿನೇಳಕ್ಕೆ. ವೈಕುಂಠ ಸಮಾರಾಧನೆಯೂ ಮುಗಿಯಿತು. ನಿನಗೆ ತಿಳಿಸಲು ನನಗೆ ಧೈರ್ಯ ಬರಲಿಲ್ಲ. ನೆಂಟರೆಲ್ಲ ಹೊರಟರು, ನಾನೊಬ್ಬಳೇ ನನ್ನ ಓದುವ ಕೋಣೆಯಲ್ಲಿ ಕೂತಿದ್ದೇನೆ. ಬಾಗಿಲ ಹಿಂದೆ ರಂಗೋಲಿಯ ಡಬ್ಬಿ ಇನ್ನೂ ಇದೆ. ಇಪ್ಪತ್ತೇಳು ತಿಂಗಳಿಂದ ನುಂಗಿಕೊಂಡದ್ದನ್ನು ಇವತ್ತು ಬರೆದುಬಿಡುತ್ತೇನೆ, ನಾಳೆ ಆದರೆ ಮತ್ತೆ ಆಗುವುದಿಲ್ಲ.

ಅದು ಅಕ್ಕಿ ಹಿಟ್ಟಲ್ಲ. ಸೇಲಂ ಗುಡ್ಡದ ಬಿಳಿಕಲ್ಲಿನ ಪುಡಿ. ನಮ್ಮ ಬೀದಿಗೆ ವಾರಕ್ಕೊಮ್ಮೆ ಒಬ್ಬ ಮುದುಕಿ ಪಡಿ ಲೆಕ್ಕದಲ್ಲಿ ಅಳೆದು ಮಾರುತ್ತಾಳೆ. ನಮ್ಮಪ್ಪ ಪುರಂದರ ಇಪ್ಪತ್ತೆಂಟು ವರ್ಷ ಆ ಗುಡ್ಡದ ಗಣಿಯಲ್ಲಿ ಗುಮಾಸ್ತರಾಗಿದ್ದರು. ಆ ಕಲ್ಲು ಅಂದರೆ ಮೆಗ್ನೀಷಿಯಂ ಎಂದು ನಮ್ಮ ಬೀದಿಯ ಮಕ್ಕಳಿಗೂ ಗೊತ್ತು. ತಣ್ಣಗಿನ ಆಮ್ಲಕ್ಕೆ ಅದು ನೊರೆ ಬಿಡುವುದಿಲ್ಲ, ಬಿಸಿ ಮಾಡಿದರೆ ಮಾತ್ರ. ನೀನು ಕೇಳಿದ ಗಳಿಗೆಯಲ್ಲೇ ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಳ್ಳು ಬರೆದೆ.

ಏಕೆಂದರೆ ನೀನು ಅದನ್ನು ಪೂಜೆ ಎಂದು ಬರೆದಿದ್ದೆ. ಅದು ಪೂಜೆಯಲ್ಲ ಪ್ರಭಾಕರ. ನಮ್ಮ ಮನೆಯಲ್ಲಿ ಎಂಜಲಾದ ಜಾಗ ಸಾರಿಸಿದರೆ, ಮೈಲಿಗೆ ಒರೆಸಿದರೆ, ಶುದ್ಧವಾಯಿತು ಎಂಬುದಕ್ಕೆ ಕೊನೆಯಲ್ಲಿ ಎರಡೆಳೆ ರಂಗೋಲಿ ಎಳೆಯುತ್ತಾರೆ. ನೀನು ಹೊರಟ ಮೇಲೆ ಅಮ್ಮ ಮಾಡುತ್ತಿದ್ದದ್ದು ಅದು. ನಿಲ್ಲಿಸು ಎಂದು ಅಮ್ಮನಿಗೆ ಹೇಳಿದ್ದರೆ ಅವರು ನಿನ್ನನ್ನೇ ಬರಬೇಡ ಎನ್ನುತ್ತಿದ್ದರು. ಏಕೆಂದು ನಿನಗೆ ಹೇಳಲು ನನಗೆ ನಾಲಿಗೆ ಏಳಲಿಲ್ಲ. ಒಂದು ಚಿಟಿಕೆಯಿಂದ ಏನು ಮಹಾ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳೇ. ಒಂದು ಚಿಟಿಕೆ ಏನು ಮಾಡುತ್ತದೆ ಎಂದು ಅಳೆಯುವುದೇ ನನ್ನ ಉದ್ಯೋಗ.

ಆಸ್ಪತ್ರೆಯಲ್ಲಿ ಅಮ್ಮ ನಿನ್ನನ್ನು ನೆನೆಸಿಕೊಂಡರು. "ಆ ಹುಡುಗ ಎಷ್ಟು ಚೆನ್ನಾಗಿ ಬರೆಯೋಕೆ ಕಲ್ತ ನೋಡು. ದೇವರ ಮನೆ ಪಕ್ಕದ ಕೋಣೆ ಅಲ್ವೇನೇ, ಅದಕ್ಕೇ ಅವನು ಹೋದ ಮೇಲೆ ಒಂದು ದಿನಾನೂ ಬಿಡದೆ ಶುದ್ಧಿ ಮಾಡ್ದೆ. ಪಾಪ, ಅವನಿಗೆ ಗೊತ್ತಾಗಬಾರದು, ಮನಸ್ಸಿಗೆ ಬೇಜಾರು ಮಾಡ್ಕೋತಾನೆ" ಎಂದರು. ನಿನ್ನ ಮೇಲೆ ಪ್ರಾಣವಿತ್ತು ಅವರಿಗೆ. ಇದನ್ನು ನೀನು ನಂಬುತ್ತೀಯೋ ಇಲ್ಲವೋ.

ಕ್ಷಮಿಸು ಎಂದು ಕೇಳಲು ಮುಖವಿಲ್ಲ.

ಸುಪ್ರಜಾ


ಎಡಪ್ಪಾಡಿ
20 ಡಿಸೆಂಬರ್ 2024

ಸುಪ್ರಜಾ ಅವರಿಗೆ,

ಅಮ್ಮನ ಸುದ್ದಿ ಅವತ್ತೇ ತಿಳಿದಿತ್ತು. ನಿಮ್ಮ ಬೀದಿಯ ಸೆಲ್ವಂ ಫೋನ್ ಮಾಡಿದ್ದ. ಬಂದಿದ್ದೆ. ಹಾಲಿನ ಬೂತಿನ ಹತ್ತಿರ ನಿಂತಿದ್ದು, ಎತ್ತಿಕೊಂಡು ಹೋದ ಮೇಲೆ ವಾಪಸ್ ಬಂದೆ.

ಈಗ ಇಲ್ಲಿ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿದ್ದೇನೆ. ಗಡಸು ನೀರಿನಲ್ಲಿ ಬಣ್ಣ ಹಿಡಿಯುವುದಿಲ್ಲ. ದಿನಾ ಬೆಳಿಗ್ಗೆ ನೀರಿನಲ್ಲಿ ಕ್ಯಾಲ್ಸಿಯಂ ಎಷ್ಟು, ಮೆಗ್ನೀಷಿಯಂ ಎಷ್ಟು ಎಂದು ನೋಡಿ ಗೋಡೆಯ ಹಲಗೆಯಲ್ಲಿ ಬರೆಯುವುದು ನನ್ನ ಕೆಲಸ. ನಗಬೇಕೆನಿಸಿದರೆ ನಗಬಹುದು. ನಾನು ನಕ್ಕಾಗಿದೆ.

ನೀವು ನನಗೆ ಹೊಸದಾಗಿ ಏನನ್ನೂ ಹೇಳಲಿಲ್ಲ. ಪರ್ಸು ಮರೆತು ವಾಪಸ್ ಬಂದೆ ಎಂದು ಬರೆದಿದ್ದೆನಲ್ಲ, ಆ ದಿನ ಬಾಗಿಲು ತೆರೆದಿತ್ತು. ಅಮ್ಮ ಒದ್ದೆ ಬಟ್ಟೆಯಲ್ಲಿ ನನ್ನ ಕುರ್ಚಿ ಒರೆಸುತ್ತಿದ್ದರು. ತಟ್ಟೆಗಳೆಲ್ಲ ಕಾಗದದ ಮುಚ್ಚಳವಿಲ್ಲದೆ ನೆಲದ ಮೇಲಿದ್ದವು. ನನ್ನನ್ನು ನೋಡಿ, "ಅಲ್ಲೇ ಇರೋ, ಈಗ ತಾನೇ ಒರ್ಸಿದೀನಿ, ನಾನೇ ತಂದ್ಕೊಡ್ತೀನಿ" ಎಂದು ಪರ್ಸನ್ನು ಕಿಟಕಿಯ ಕಟ್ಟೆಯ ಮೇಲೆ ಲೋಟದ ಪಕ್ಕದಲ್ಲಿ ಇಟ್ಟರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. "ಮಳೆ ಬರ್ತಿದೆ, ಕೊಡೆ ತಗೊಂಡ್ಹೋಗು" ಎಂದರು. ಅದೇ ನನಗೆ ಹೆಚ್ಚು ಉರಿಯಿತು. ಸಿಟ್ಟಾಗಿದ್ದರೆ ನಾನೂ ಸಿಟ್ಟು ಮಾಡಿಕೊಂಡು ಬಿಟ್ಟು ಹೋಗಬಹುದಿತ್ತು.

ಹಳ್ಳಿಯಲ್ಲಿ ಹುಟ್ಟಿದವನಿಗೆ ಲೋಟದ ಲೆಕ್ಕ ಯಾರೂ ಕಲಿಸಬೇಕಾಗಿಲ್ಲ ಸುಪ್ರಜಾ. ಪೂಜೆ ಎಂದು ಬರೆದದ್ದು ನಿಮ್ಮ ಮರ್ಯಾದೆ ಉಳಿಯಲೆಂದು. ನಿಮ್ಮ ಮನೆಯ ರೀತಿ ನಿಮಗೆ ಗೊತ್ತು, ಮಾತಿಲ್ಲದೆ ಅಮ್ಮನನ್ನು ತಡೆಯುತ್ತೀರಿ ಎಂದುಕೊಂಡೆ. ನೀವು ಅಕ್ಕಿ ಹಿಟ್ಟು ಎಂದಿರಿ. ನಿಮ್ಮ ಯಂತ್ರವನ್ನು ನಂಬಿದ ಹಾಗೆ ಅದನ್ನೂ ನಂಬಿದೆ, ಸ್ಟ್ರಾನ್ಷಿಯಂ ಹಾಳೆ ಬರುವವರೆಗೆ. ಆಮ್ಲವನ್ನು ಬಿಸಿ ಮಾಡಿ ನೋಡದೆ ಇದ್ದದ್ದು ನನ್ನ ತಪ್ಪು, ಅದನ್ನು ಬೇರೆಯವರ ಮೇಲೆ ಹಾಕುವುದಿಲ್ಲ.

ಸಮಿತಿಯ ಮುಂದೆ ನಾನೇ ಹೇಳಬಹುದಿತ್ತು. ನನ್ನ ಮೈಲಿಗೆ ತೊಳೆಯಲು ಹಾಕಿದ ಪುಡಿ ಇದು ಎಂದು ಮೂವರು ದೊಡ್ಡ ಮನುಷ್ಯರ ಮುಂದೆ ನನ್ನ ಬಾಯಿಂದ ಹೇಳಬೇಕಿತ್ತು. ಅವರು ಅಯ್ಯೋ ಪಾಪ ಎಂದು ಡಿಗ್ರಿ ಕೊಡುತ್ತಿದ್ದರೋ ಏನೋ. ನನಗೆ ಆಗಲಿಲ್ಲ. ನೀವು ಹೇಳುತ್ತೀರಿ ಎಂದು ಕಾದೆ. ಹೇಳಬೇಕಾದವರು ನೀವು.

ಇದರ ಜೊತೆ ಒಂದು ಪೊಟ್ಟಣವಿದೆ. ಕೊನೆಯ ದಿನ ಒಂದು ತಟ್ಟೆಯನ್ನು ತೊಳೆಯದೆ ಕಾಗದದಲ್ಲಿ ಸುತ್ತಿ ತಂದಿದ್ದೆ, ಅದರ ಅಂಚಿನ ಬಿಳಿ ಪುಡಿ ಇದು. ಯಂತ್ರದಲ್ಲಿ ಓಡಿಸಿ. ಫಲಿತಾಂಶ ನನಗೆ ಬೇಡ, ಸಮಿತಿಗೆ ಕಳಿಸಿ. ಎಲ್ಲಿ ಅರೆದದ್ದು, ಪುಡಿ ಏನು, ಏಕೆ ಹಾಕಿದ್ದು ಎಂದು ಮೂರು ಸಾಲು ಬರೆಯಿರಿ. ಬಿಟ್ಟ ಕೆಲಸ ಬರುವುದಿಲ್ಲ, ನನಗೆ ಗೊತ್ತು. ಕಳ್ಳ ಎಂಬ ಹೆಸರು ಹೋಗಲಿ. ಅವ್ವ ಈಗಲೂ ಪಕ್ಕದ ಮನೆಯವರ ಎದುರು ತಲೆ ತಗ್ಗಿಸಿ ನೀರು ಹಿಡಿಯುತ್ತಾಳೆ.

ಪ್ರಭಾಕರ್


ಕೊಚ್ಚಿ
25 ಜನವರಿ 2025

ಪ್ರಭಾಕರ,

ನಿನ್ನ ಕಾಗದ ಓದಿ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ನೀನು ನೋಡಿದ್ದೆ ಎಂದು ನನಗೆ ಒಂದು ಸಲವೂ ಹೊಳೆಯಲಿಲ್ಲ.

ಪುಡಿ ಓಡಿಸಿದೆ. ಮೆಗ್ನೀಷಿಯಂ ಎಷ್ಟಿತ್ತೆಂದರೆ ಎಣಿಸಲಾರದೆ ಯಂತ್ರ ನಿಂತಿತು, ಸಾವಿರ ಪಟ್ಟು ತೆಳು ಮಾಡಿ ಮತ್ತೆ ಕೊಡಬೇಕಾಯಿತು. ಅದರಲ್ಲಿರುವ ಕಬ್ಬಿಣ, ಮ್ಯಾಂಗನೀಸ್, ನಿಕ್ಕಲ್ ಎಲ್ಲವೂ ನಿನ್ನ ಮಳೆಗಾಲದ ಪೆಟ್ಟಿಗೆಗಳಲ್ಲಿ ಏರಿದ ಲೆಕ್ಕಕ್ಕೆ ಸರಿಹೊಂದುತ್ತವೆ. ಅನುಮಾನಕ್ಕೆ ಜಾಗವೇ ಇಲ್ಲ. ಎಪ್ಸಂ ಉಪ್ಪಿನಲ್ಲಿ ಇವು ಹೀಗೆ ಇರುವುದಿಲ್ಲ. ನೀನು ಏನನ್ನೂ ಬೆರೆಸಿಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ಪ್ರಮಾಣ ಮಾಡಿ ಹೇಳಬಲ್ಲೆ.

ಸಮಿತಿಗೆ ಪತ್ರ ಬರೆದಿಟ್ಟಿದ್ದೇನೆ, ಮೇಜಿನ ಡ್ರಾಯರಿನಲ್ಲಿದೆ. ಆದರೆ ಸ್ವಲ್ಪ ಕಾಲ ಕೊಡು. ಮೇ ತಿಂಗಳಲ್ಲಿ ನನ್ನ ಬಡ್ತಿಯ ಸಂದರ್ಶನವಿದೆ. ನಿಯಮ ಮೀರಿ ಮಾದರಿಗಳನ್ನು ಮನೆಗೆ ಕಳಿಸಿದೆ ಎಂದು ಈಗ ತಿಳಿದರೆ ಬಡ್ತಿಯ ಮಾತಿರಲಿ, ಇರುವ ಕೆಲಸವೂ ಉಳಿಯುವುದಿಲ್ಲ. ಅಮ್ಮನ ವರ್ಷಾಬ್ದಿಕ ನವೆಂಬರಿನಲ್ಲಿ. ಅವರ ಹೆಸರು ಒಂದು ವಿಚಾರಣೆಯ ಕಡತದಲ್ಲಿ ಈ ರೀತಿ ಬರುವುದನ್ನು ಅಣ್ಣ ಕೃಷ್ಣಪ್ರಸಾದ್ ಸಹಿಸುವುದಿಲ್ಲ, ವರ್ಷಾಬ್ದಿಕಕ್ಕೆ ನನ್ನನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ. ಅದು ಮುಗಿದ ಮರುದಿನವೇ ಕಳಿಸುತ್ತೇನೆ. ಇಷ್ಟು ದಿನ ತಾಳಿದವನು ಇನ್ನು ಹತ್ತು ತಿಂಗಳು ತಾಳಲಾರೆಯಾ?

ಇದನ್ನು ಓದಿ ಹರಿದು ಹಾಕು. ಡಿಸೆಂಬರಿನದನ್ನೂ. ನಿನ್ನನ್ನು ಬಿಟ್ಟರೆ ಇದು ಯಾರಿಗೂ ಗೊತ್ತಿಲ್ಲ, ನಿನ್ನ ಮೇಲೆ ನಂಬಿಕೆಯಿಂದ ಬರೆದಿದ್ದೇನೆ.

ಸುಪ್ರಜಾ


ಎಡಪ್ಪಾಡಿ
14 ಫೆಬ್ರವರಿ 2025

ಸುಪ್ರಜಾ ಅವರಿಗೆ,

ಹತ್ತು ತಿಂಗಳು ತಾಳಬಹುದಿತ್ತು. ತಾಳಿ ಅಭ್ಯಾಸವಿದೆ. ನಿಮ್ಮ ಕಾಗದ ಬಂದ ವಾರದ ಭಾನುವಾರ ಊರಿಗೆ ಹೋಗಿದ್ದೆ. ಅದರಲ್ಲಿದ್ದುದನ್ನು ಅವ್ವನಿಗೆ ಓದಿ ಹೇಳಿದೆ. ನಾನು ಏನನ್ನೂ ಬೆರೆಸಿಲ್ಲ ಎಂದು ನೀವು ಬರೆದ ಸಾಲನ್ನು ಎರಡು ಸಲ ಓದಿಸಿದಳು. ಸೆರಗಿನಲ್ಲಿ ಮೂಗು ಒರೆಸಿಕೊಂಡು ಕೇಳಿದಳು: "ಇದ ಬರ್ದೋರು ಇದ ಯಾಕ್ಲಾ ನಿಂಗೆ ಬರುದ್ರು? ನಿಂಗೆ ಗೊತ್ತಿಲ್ವಾ ನೀನು ಕದ್ದಿಲ್ಲ ಅಂತ?"

ಸೋಮವಾರ ಡಿಸೆಂಬರಿನ, ಜನವರಿಯ ಎರಡೂ ಕಾಗದಗಳನ್ನು ಝೆರಾಕ್ಸ್ ಮಾಡಿಸಿದೆ, ಇವತ್ತು ಸಮಿತಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಅಲ್ಲಿ ಯಾರಿಗೂ ಕನ್ನಡ ಬಾರದು. ಒಂದೊಂದು ಸಾಲನ್ನೂ ತಮಿಳಿಗೆ, ಇಂಗ್ಲಿಷಿಗೆ ನಾನೇ ಇಳಿಸಿದೆ, ನಾಲ್ಕು ರಾತ್ರಿ ಹಿಡಿಯಿತು. ಏನನ್ನೂ ಸೇರಿಸಿಲ್ಲ, ಏನನ್ನೂ ಬಿಟ್ಟಿಲ್ಲ. ಬಡ್ತಿಯ ಸಾಲೂ ಇದೆ, ಹರಿದು ಹಾಕು ಎಂದ ಸಾಲೂ ಇದೆ, ಅಮ್ಮನಿಗೆ ನನ್ನ ಮೇಲೆ ಪ್ರಾಣವಿತ್ತು ಎಂದದ್ದೂ ಇದೆ. ಅದನ್ನು ನಾನು ನಂಬುತ್ತೇನೆ.

ಅಕ್ಷರ ಬಾರದವನಾಗಿದ್ದರೆ ನಿಮ್ಮ ಕಾಗದಗಳು ನನ್ನ ಕೈಯಲ್ಲಿ ಬರೀ ಕಾಗದಗಳಾಗಿರುತ್ತಿದ್ದವು. ಜಗಲಿಯ ಮೇಲೆ ಕೂರಿಸಿ ಅಮ್ಮ ಎರಡು ವರ್ಷ ತಿದ್ದಿಸಿದ್ದು ಇವತ್ತು ಕೆಲಸಕ್ಕೆ ಬಂತು. ವರ್ಷಾಬ್ದಿಕದ ದಿನ ಅವರ ಪಟದ ಮುಂದೆ ಇದನ್ನು ಹೇಳಿ, ಅಣ್ಣ ಒಳಗೆ ಬಿಟ್ಟರೆ.

ಇನ್ನು ಮುಂದೆ ನನಗೆ ಬರೆಯಬೇಡಿ. ಹೇಳುವುದಿದ್ದರೆ ಸಮಿತಿಗೆ ಬರೆಯಿರಿ, ವಿಳಾಸ ಹಿಂಬದಿಯಲ್ಲಿದೆ.

ಪ್ರಭಾಕರ್